ಕಲ್ಲಿನ ಮೇಲೆ ಕೂರಲು ಮೂರನೆಯವನೊಬ್ಬ ಬೇಕು

ಮೊಬೈಲ್ ಕಂಪನಿಯ ಜಾಲ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಕಳೆದ ಕಾರ್ತಿಕದ ಒಂದು ಮಂಗಳವಾರ ಬೆಳಗ್ಗೆ ಹತ್ತೂ ಹತ್ತರಿಂದ ಮಧ್ಯಾಹ್ನ ಒಂದೂ ಐವತ್ತರವರೆಗೆ ನಾನು ಈ ಭೂಮಿಯ ಮೇಲೆ ಇರಲಿಲ್ಲ. ಇದು ನನ್ನ ಮಾತಲ್ಲ, ತಮ್ಮ ಕಂಪನಿಯ ಮಾತು. ನನ್ನ ತಿಳಿವಳಿಕೆಯ ಪ್ರಕಾರ ನಾನು ಸೊರಬದ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತಿದ್ದೆ. ಫೋನಿನಲ್ಲಿ ಸಿಗ್ನಲ್ಲಿನ ಕಡ್ಡಿ ನಾಲ್ಕೂ ತುಂಬಿದ್ದವು. ಅದೇ ಹೊತ್ತಿನಲ್ಲಿ ತಾಳಗುಂದದ ಹತ್ತಿರದ ನಮ್ಮ ಊರಿನಿಂದ ತಮ್ಮನ ಹೆಂಡತಿ ಸಂಗೀತ ನನಗೆ ಹನ್ನೊಂದು ಸಲ ಕರೆ ಮಾಡಿದಳು. ಹನ್ನೊಂದು ಸಲವೂ ತಮ್ಮ ಹೆಣ್ಣುಧ್ವನಿ, ಬಹಳ ಇಂಪಾಗಿ, ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದಿತು. ನಮ್ಮಪ್ಪ ಉಜ್ಜಪ್ಪ ಎದೆ ಹಿಡಿದುಕೊಂಡು ಕೆರೆ ಏರಿಯ ಮೇಲೆ ಬಿದ್ದಿದ್ದರು. ಮನೆಯ ಓಮ್ನಿ ವ್ಯಾನು ನನ್ನ ಹತ್ತಿರವಿತ್ತು.

ನನ್ನ ದೂರಿಗೆ ತಾವು ನಾಲ್ಕು ಪುಟದ ಉತ್ತರ ಕಳಿಸಿದಿರಿ, ಉಪಕಾರವಾಯಿತು. ಹಿಂದೆ ಶಿರಾಳಕೊಪ್ಪದಲ್ಲಿ ಎಕ್ಸ್‌ಚೇಂಜ್ ಎಂಬ ಕಟ್ಟಡವಿತ್ತು. ಫೋನು ಕೆಟ್ಟರೆ ಹೋಗಿ ಬಾಗಿಲು ಬಡಿಯಬಹುದಿತ್ತು, ಬೈಯಲು ಒಬ್ಬ ಮನುಷ್ಯನಾದರೂ ಸಿಗುತ್ತಿದ್ದ. ಈಗ ಆ ಕೆಲಸವನ್ನೆಲ್ಲ ಸಾಫ್ಟ್‌ವೇರ್ ಮಾಡುತ್ತದೆ, ಅದು ಕ್ಲೌಡಿನಲ್ಲಿದೆ, ಅದೂ ಬೆಂಗಳೂರಿನಲ್ಲೊಂದು ಹುಬ್ಬಳ್ಳಿಯಲ್ಲೊಂದು ಎಂದು ಎರಡು ಕಡೆ ಇದೆ, ಒಂದು ಬಿದ್ದರೆ ಇನ್ನೊಂದು ಆ ಕ್ಷಣವೇ ಹೊಣೆ ಹೊರುತ್ತದೆ, ಆದ್ದರಿಂದ ನಮ್ಮ ಸೇವೆ ನೂರಕ್ಕೆ 99.999ರಷ್ಟು ಹೊತ್ತು ಲಭ್ಯ ಎಂದು ಬರೆದಿದ್ದೀರಿ. ಗುಣಿಸಿ ನೋಡಿದೆ. ವರ್ಷಕ್ಕೆ ಐದೂಕಾಲು ನಿಮಿಷ ಮಾತ್ರ ನೀವು ಕೆಡಬಹುದು. ಅಂದು ಒಂದೇ ದಿನ ಇನ್ನೂರ ಇಪ್ಪತ್ತು ನಿಮಿಷ ಕೆಟ್ಟಿರಿ, ಎಂದರೆ ನಲವತ್ತೆರಡು ವರ್ಷದ ಪಾಲನ್ನು ಒಟ್ಟಿಗೇ ಮುಗಿಸಿದಿರಿ. ಇನ್ನು ನಲವತ್ತೆರಡು ವರ್ಷ ಒಂದು ನಿಮಿಷವೂ ಕೆಡುವುದಿಲ್ಲ ಎಂದು ಬರೆದುಕೊಡುತ್ತೀರಾ? ಕೊಟ್ಟರೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆ.

ಉತ್ತರ ಅರ್ಥವಾಗದೆ ಶಿವಮೊಗ್ಗದ ತಮ್ಮ ಕಚೇರಿಗೆ ಹೋದೆ. ಅಲ್ಲಿನ ಎಂಜಿನಿಯರ್ ಒಬ್ಬರು ಒಳ್ಳೆಯವರು, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಬೆಂಗಳೂರು ಮತ್ತು ಹುಬ್ಬಳ್ಳಿಯ ಯಂತ್ರಗಳು ಕ್ಷಣಕ್ಕೊಮ್ಮೆ "ಇದ್ದೀಯಾ?" "ಇದ್ದೀನಿ" ಎಂದು ಒಂದನ್ನೊಂದು ಕೇಳಿಕೊಳ್ಳುತ್ತವಂತೆ. ಅವತ್ತು ಹೆದ್ದಾರಿ ಬದಿಯಲ್ಲಿ ಜೆಸಿಬಿಯೊಂದು ಆ ಮಾತು ಹೋಗುವ ಕೇಬಲ್ಲನ್ನೇ ಎತ್ತಿಹಾಕಿತು.

"ಎರಡು ಕೇಬಲ್ ಇಟ್ಟಿದೀವಿ ಅಂತ ಬರ್ದಿದಾರಲ್ಲ ರೀ?" ಎಂದೆ.

"ಎರಡಿದಾವೆ ಸರ್. ಎರಡೂ ಒಂದೇ ಗುಂಡಿಲಿದ್ವು."

"ಆಮೇಲೆ?"

"ಅದು ಇದು ಸತ್ತೋಗಿದೆ ಅನ್ಕೊಳ್ತು, ಇದು ಅದು ಸತ್ತೋಗಿದೆ ಅನ್ಕೊಳ್ತು. ಎರಡೂ ನಾನೇ ಯಜಮಾನ ಅಂತ ಕೂತ್ಕೊಂಡ್ವು."

ನಮ್ಮ ಊರು ಮತ್ತು ಶಿಕಾರಿಪುರದ ಕಡೆಯ ಟವರುಗಳು ಬೆಂಗಳೂರಿನ ಪಾಲಿಗೆ ಬಿದ್ದವು. ಶಿರಾಳಕೊಪ್ಪ, ಸೊರಬ, ಆಂಬುಲೆನ್ಸಿಗೆ ಹೋಗುವ ಕರೆ, ನಾನು, ಎಲ್ಲ ಹುಬ್ಬಳ್ಳಿಯ ಪಾಲಿಗೆ. ಒಂದರ ಪಟ್ಟಿಯಲ್ಲಿದ್ದವರು ಇನ್ನೊಂದರ ಲೆಕ್ಕಕ್ಕೆ ಇಲ್ಲವೇ ಇಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಜಗಳವೂ ಆಗಿರಲಿಲ್ಲ, ಮಾತು ನಿಂತಿತ್ತು ಅಷ್ಟೆ.

ಮಾನ್ಯರೇ, ಈ ತಪ್ಪನ್ನು ನಾವು ನಿಮಗಿಂತ ಮೊದಲೇ ಮಾಡಿ ಮುಗಿಸಿದ್ದೇವೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಗುಡ್ಡದ ಈ ಮಗ್ಗುಲಲ್ಲಿ ಒಂದು ಹಿಂಡು, ಪಕ್ಕದ ಮನೆಯ ಚೌಡಪ್ಪ ಆ ಮಗ್ಗುಲಲ್ಲಿ ಒಂದು ಹಿಂಡು ಕುರಿ ಮೇಯಿಸುತ್ತಿದ್ದರು. ಆಗಾಗ ಒಬ್ಬ "ಹೋ" ಅಂದರೆ ಇನ್ನೊಬ್ಬ "ಹೋ" ಅನ್ನಬೇಕು. ಮೂರು ಕೂಗಿಗೆ ಉತ್ತರ ಬರದಿದ್ದರೆ ಅವನಿಗೇನೋ ಆಗಿದೆ, ಅವನ ಕುರಿಯೂ ನಿನ್ನವೇ ಎಂದು ಹೊಡೆದುಕೊಂಡು ಬರಬೇಕು. ಒಂದು ದಿನ ಗಾಳಿ ಎದ್ದು ಇವರ ಕೂಗು ಅವರಿಗಿಲ್ಲ, ಅವರದು ಇವರಿಗಿಲ್ಲ. ಇಬ್ಬರೂ ಒಬ್ಬರ ಕುರಿ ಒಬ್ಬರು ಕಾಪಾಡಲು ಗುಡ್ಡ ಸುತ್ತಿ ಓಡಿದರು, ಒಬ್ಬರು ಎಡದಿಂದ, ಒಬ್ಬರು ಬಲದಿಂದ. ಎರಡು ಹಿಂಡೂ ದಿಕ್ಕಾಪಾಲಾಗಿ ಯಾರದೋ ಮೆಕ್ಕೆಜೋಳದ ಹೊಲ ಹೊಕ್ಕವು. ಬೈಸಿಕೊಂಡದ್ದು ಸಾಕಷ್ಟಾಯಿತು.

ಮಾರನೆಯ ದಿನದಿಂದ ಒಂದು ಕಟ್ಟಳೆ ಬಂತು. ಕೆರೆ ಏರಿಯ ಮೇಲಿನ ಕಲ್ಲಿನ ಮೇಲೆ ಕೂತವನಿಗೆ ಎರಡೂ ಮಗ್ಗುಲು ಕಾಣುತ್ತವೆ, ಕೇಳುತ್ತವೆ. ಅಲ್ಲಿ ಮೂರನೆಯವನೊಬ್ಬ ಕೂರಬೇಕು. ಜೊತೆಗಾರನ ಕೂಗು ಕೇಳದಿದ್ದರೆ ಕಲ್ಲನ್ನು ಕೇಳು, ಕಲ್ಲು ಹೇಳುವತನಕ ಅವನ ಕುರಿ ಮುಟ್ಟಬೇಡ. ಮಂಡಿ ಹೋದ ಮೇಲೆ, ಒಂಬತ್ತು ವರ್ಷ, ಆ ಕಲ್ಲಿನ ಮೇಲೆ ಅಪ್ಪನೇ ಕೂತರು. ನಡೆಯಲಾಗದವನು ಮಾಡಬಹುದಾದ ಕೆಲಸ ಅದು, ಎರಡು ಕಿವಿ ಮತ್ತು ಒಂದು ಬಾಯಿ ಇದ್ದರೆ ಸಾಕು.

ಆ ಮಂಗಳವಾರ ಚೌಡಪ್ಪ ಕಲ್ಲಿನ ಕಡೆಗೆ ಮೂರು ಸಲ ಕೂಗಿದರು, ಆಮೇಲೆ ಇನ್ನೊಂದು ಮಗ್ಗುಲಲ್ಲಿದ್ದ ನನ್ನ ತಮ್ಮನಿಗೆ ಕೂಗಿ ಹೇಳಿದರು: "ಏ ಪರಶುರಾಮ, ಕಲ್ಲು ಮಾತಾಡ್ತಿಲ್ಲ ಕಣೋ, ಓಡೋ!" ಅಪ್ಪ ಬಿದ್ದದ್ದು ನಮ್ಮವರಿಗೆ ಮೂರು ಕೂಗಿನಲ್ಲಿ ಗೊತ್ತಾಯಿತು. ನೀವು ಬಿದ್ದದ್ದು ನಿಮಗೆ ಗೊತ್ತಾಗಲು ಎಷ್ಟು ಹೊತ್ತು ಹಿಡಿಯಿತು ಎಂಬುದು ಆ ನಾಲ್ಕು ಪುಟದಲ್ಲಿ ಇಲ್ಲ.

ಫೋನಿನಲ್ಲಿ ಸಿಗ್ನಲ್ ಇಲ್ಲ ಎಂದು ತೋರಿಸಿದ್ದರೆ ಪರಶುರಾಮ ಆಗಲೇ ಬೈಕ್ ಹತ್ತಿ ಶಿರಾಳಕೊಪ್ಪದಿಂದ ಗಾಡಿ ತರುತ್ತಿದ್ದ. ಕಡ್ಡಿ ನಾಲ್ಕೂ ತುಂಬಿದ್ದವಲ್ಲ, ಈಗ ಹೋಗುತ್ತೆ, ಈಗ ಹೋಗುತ್ತೆ ಎಂದು ಆಂಬುಲೆನ್ಸಿಗೂ ನನಗೂ ಒತ್ತುತ್ತ ಐವತ್ತು ನಿಮಿಷ ಕೂತರು. ಕೊನೆಗೆ ಯಾರದೋ ಟ್ರ್ಯಾಕ್ಟರಿನ ಜೋಳ ಸುರಿಸಿ, ಟ್ರೇಲರಿನಲ್ಲಿ ಮಲಗಿಸಿಕೊಂಡು ಹೋದರು. "ಇಷ್ಟೊತ್ತು ಏನ್ ಮಾಡ್ತಿದ್ರಿ?" ಎಂದು ಡಾಕ್ಟರು ಕೇಳಿದಾಗ ಪರಶುರಾಮ ಫೋನು ತೋರಿಸಿದನಂತೆ. ಅಪ್ಪ ದಾರಿಯಲ್ಲೇ ಹೋಗಿದ್ದರು.

ನಾನು ಬಂದಾಗ ಸಂಗೀತ ಅಂದಳು: "ಬಾವಾ, ಫೋನಿನಾಕಿ ನೀವು ಇಲ್ಲವೇ ಇಲ್ಲ ಅಂದ್ಲು ರೀ. ನಿಮಗೂ ಏನೋ ಆಗೈತೆ ಅನ್ಕೊಂಡೆ." ನಿಮ್ಮ ಮೇಲೆ ನನಗೆ ಸಿಟ್ಟಿದೆ. ಅದಕ್ಕಿಂತ ಹೆಚ್ಚಿನ ಸಿಟ್ಟು ಆ ಚಹಾದ ಮೇಲಿದೆ. ಎರಡನೇ ಲೋಟ ಬೇರೆ ಕೇಳಿದ್ದೆ.

ನನಗೆ ಪರಿಹಾರ ಬೇಡ, ವಿಷಾದ ಪತ್ರವೂ ಬೇಡ. ಎರಡು ಕೇಬಲ್ಲಿಗೆ ಎರಡು ದಾರಿ ಹುಡುಕಿ. ಯಂತ್ರ ಗೊಂದಲದಲ್ಲಿದ್ದಾಗ ಕಡ್ಡಿ ತುಂಬಿಸಿ ತೋರಿಸುವ ಸುಳ್ಳನ್ನು ನಿಲ್ಲಿಸಿ. ಮತ್ತು ಬೆಂಗಳೂರಿಗೂ ಹುಬ್ಬಳ್ಳಿಗೂ ಸೇರದ ಮೂರನೆಯ ಜಾಗದಲ್ಲಿ, ಇಬ್ಬರ ಮಾತೂ ಬೇರೆಬೇರೆ ದಾರಿಯಿಂದ ಕೇಳುವಂತೆ, ಯಾರು ಬದುಕಿದ್ದಾರೆ ಎಂದು ಹೇಳುವ ಒಂದು ಸಣ್ಣ ಯಂತ್ರವನ್ನು ಕೂರಿಸಿ. ಹುಬ್ಬಳ್ಳಿಯ ಕಟ್ಟಡದೊಳಗೇ ಇಟ್ಟು ಕೆಲಸ ಮುಗಿಯಿತು ಎನ್ನಬೇಡಿ. ಅದು ನಮ್ಮಪ್ಪನನ್ನು ಚೌಡಪ್ಪನ ಹೆಗಲ ಮೇಲೆ ಕೂರಿಸಿದ ಹಾಗೆ.

ಜಾಗ ಸಿಗಲಿಲ್ಲ ಎಂಬ ಉತ್ತರ ಬಂದೀತೆಂದು ಇದನ್ನೂ ಮೊದಲೇ ತಿಳಿಸುತ್ತಿದ್ದೇನೆ. ಕೆರೆ ಏರಿಯ ಮೇಲೆ ಒಂದು ಕಲ್ಲಿದೆ. ಒಂಬತ್ತು ವರ್ಷ ಕೂತು ನುಣುಪಾಗಿದೆ, ಎರಡೂ ಕಡೆ ಚೆನ್ನಾಗಿ ಕೇಳಿಸುತ್ತದೆ. ಕಾರ್ತಿಕದಿಂದ ಖಾಲಿ ಇದೆ.

ಇಂತಿ,
ಹನ್ನೊಂದು ಸಲ ಅಸ್ತಿತ್ವದಲ್ಲಿಲ್ಲದ ತಮ್ಮ ಗ್ರಾಹಕ,
ಉಜ್ಜಪ್ಪನವರ ಹಿರಿಮಗ ಹರೀಶ