ನೀರಿಳಿಯುವ ಕೋಣೆ

ಮಾರ್ಚ್ ೧೧, ಬುಧವಾರ

ಸಿಸ್ಟರ್‌ಗೆ ನಮಸ್ಕಾರ,

ಮದುವೆಯಾದ ಮೇಲೂ ಹೀಗೆ ಕರೆದು ಅತ್ತೆಯಿಂದ ಬೈಸಿಕೊಂಡ ಅಳಿಯ ನಾನೊಬ್ಬನೇ ಇರಬೇಕು. ನಾನು ಮಲಗಿದ್ದ ವಾರ್ಡಿನಲ್ಲಿ ಎಲ್ಲರೂ ನಿನ್ನನ್ನು ಹಾಗೆ ಕರೆಯುತ್ತಿದ್ದರು, ನನಗೂ ಅದೇ ಬಾಯಿಗೆ ಬಂತು, ಆಮೇಲೆ ಬಿಡಲಿಲ್ಲ. "ಹೆಂಡತೀನ ಸಿಸ್ಟರ್ ಅಂತಾರೇನ್ರೀ, ಪಕ್ಕದ ಮನೆಯವರು ಕೇಳಿಸ್ಕೊಂಡ್ರೆ ಏನ್ ಗತಿ" ಎಂದು ನಿನ್ನ ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದರು. ಈಗ ಬೇರೆ ಹೆಸರಿನಿಂದ ಶುರುಮಾಡಲು ಹೋದರೆ ಕೈ ನಿಲ್ಲುತ್ತದೆ.

ವಿಳಾಸ ನಿನ್ನ ಅಣ್ಣನಿಂದ ಸಿಕ್ಕಿತು. ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡ. ಬರೆಯುವುದಕ್ಕೆ ಕಾರಣವಿದೆ. ಡ್ರಿಪ್ ಬಾಟಲಿ ಮುಗಿಯುವಾಗ ಕೂಗುವ ನಮ್ಮ ಗಂಟೆಯ ಕಂಪನಿಯನ್ನು ಮಾರುತ್ತಿದ್ದೇನೆ. ಮಾರುತ್ತಿದ್ದೇನೆ ಎನ್ನುವುದೂ ಸರಿಯಲ್ಲ. ಪಾಲುದಾರರು ನಾವಿಬ್ಬರು, ನಿನ್ನ ಸಹಿಯಿಲ್ಲದೆ ಒಂದು ಸ್ಕ್ರೂ ಕೂಡ ನನ್ನಿಂದ ಮಾರಲಾಗದು. ಪತ್ರಗಳನ್ನು ಜೊತೆಗಿಟ್ಟಿದ್ದೇನೆ. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಸಹಿ ಮಾಡು. ಓದದೆ ಯಾವುದಕ್ಕೂ ಸಹಿ ಹಾಕಬಾರದು ಎನ್ನುತ್ತಿದ್ದವಳು ನೀನೇ. ಅದನ್ನು ಓದು, ಇಲ್ಲವೇ ಈ ಕಾಗದವನ್ನು ಓದು. ಎರಡರಲ್ಲಿ ಇದು ಚಿಕ್ಕದು.

ಬೀಳುವುದಕ್ಕೆ ನಮಗೆ ದೊಡ್ಡ ಕಾರಣ ಬೇಕಿರಲಿಲ್ಲ, ನಿನಗೆ ಗೊತ್ತು. ಬಿಡಿಭಾಗ ಮಾರುವವನು ಮೊದಲು ದುಡ್ಡು ಎಣಿಸು ಎನ್ನುತ್ತಾನೆ, ಆಸ್ಪತ್ರೆಗಳು ಮುಂದಿನ ತಿಂಗಳು ಬನ್ನಿ ಎನ್ನುತ್ತವೆ. ಆ ಎರಡು ಮಾತುಗಳ ನಡುವಿನ ಸಂದಿಯಲ್ಲಿ ಇಷ್ಟು ವರ್ಷ ಬದುಕಿದ್ದೆವು. ಆರ್ಡರ್ ಹೆಚ್ಚಾದಷ್ಟೂ ಸಂದಿ ಕಿರಿದಾಗುತ್ತಿತ್ತು. ದೊಡ್ಡ ಆರ್ಡರ್ ಬಂದ ದಿನ ನಾನು ಸಿಹಿ ತಂದೆ, ನೀನು ಪೊಟ್ಟಣ ಬಿಚ್ಚದೆ, "ಇದಕ್ಕೆ ಸಾಲ ಎಲ್ಲಿಂದ ತರ್ತೀರಿ?" ಎಂದು ಕೇಳಿದ್ದೆ. ಪ್ರಮಾಣಪತ್ರದ ಖರ್ಚು ಬೇರೆ. ಒಂದು ಗುಂಡಿ ಬದಲಿಸಿದರೂ ಇಡೀ ಪರೀಕ್ಷೆ ಮತ್ತೆ ಆಗಬೇಕು. ಅದಕ್ಕೇ, ರಾತ್ರಿ ಹೊತ್ತು ಸದ್ದು ತಗ್ಗಿಸಲು ಒಂದು ತಿರುಪು ಇಡೋಣ ಎಂದು ನೀನು ಹೇಳಿದಾಗ, ಮುಂದಿನ ಮಾದರಿಯಲ್ಲಿ ನೋಡೋಣ ಎಂದು ಇಬ್ಬರೂ ಒಪ್ಪಿದ್ದು. ಮುಂದಿನ ಮಾದರಿ ಬರಲೇ ಇಲ್ಲ.

ಆದರೂ ನಡೆಯುತ್ತಿತ್ತು. ನಮ್ಮ ಅರ್ಧಕ್ಕಿಂತ ಹೆಚ್ಚು ಮಾಲನ್ನು ಒಂದೇ ಆಸ್ಪತ್ರೆ ಗುಂಪು ಕೊಳ್ಳುತ್ತಿತ್ತು. ಹೋದ ಬೇಸಿಗೆಯಲ್ಲಿ ಅವರ ಒಂದು ಶಾಖೆಯಿಂದ ದೂರು ಬಂತು. ಒಬ್ಬ ಮುದುಕರಿಗೆ ಹಾಕಿದ್ದ ಡ್ರಿಪ್ ಬಾಟಲಿ ಖಾಲಿಯಾಗಿದೆ, ನಮ್ಮ ಗಂಟೆ ಯಾರಿಗೂ ಕೇಳಿಸಿಲ್ಲ, ನಳಿಕೆಯಲ್ಲಿ ರಕ್ತ ಮೇಲೇರಿದೆ. ಜೊತೆಗಿದ್ದ ಮಗಳು ಎಚ್ಚರವಾಗಿ ಕೂಗಿದ್ದರಿಂದ ಏನೂ ಆಗಲಿಲ್ಲ. ಮುದುಕರು ನಡೆದುಕೊಂಡೇ ಮನೆಗೆ ಹೋದರಂತೆ. ಆದರೆ ಬಾಟಲಿ ಮುಗಿಯುತ್ತಿದೆ ಎಂದು ಕೂಗುವುದೊಂದೇ ಕೆಲಸವಾಗಿರುವ ಯಂತ್ರ ಕೂಗಲಿಲ್ಲವೆಂದರೆ ಕೊಂಡವರಿಗೆ ಏನು ಹೇಳುವುದು? ಆ ಗಂಟೆಯನ್ನು ಪೆಟ್ಟಿಗೆಯಲ್ಲಿಟ್ಟು ವಾಪಸು ಕಳಿಸಿದರು. ಕಾರಣ ಏನೆಂದು ನಾವೇ ಪರೀಕ್ಷಿಸಿ ಬರೆದುಕೊಡಬೇಕಿತ್ತು.

ನೀರಿಳಿಯುವ ಕೋಣೆ ಈಗಲೂ ನೀನು ಇಟ್ಟ ಹಾಗೇ ಇದೆ. ಸಾಲಾಗಿ ಡ್ರಿಪ್ ಸ್ಟ್ಯಾಂಡುಗಳು, ಮಂಚಗಳಿಲ್ಲ, ಮಲಗಿದವರಿಲ್ಲ, ಪ್ರತಿ ನಳಿಕೆಯ ಕೆಳಗೆ ಒಂದು ಬಕೆಟ್. ಹೊರಗೆ ಹೋಗುವ ಪ್ರತಿಯೊಂದು ಗಂಟೆಯೂ ಒಂದು ಇಡೀ ಬಾಟಲಿ ನೀರನ್ನು ಕಾದು ಕೂಗಬೇಕು, ಕೂಗುವಾಗ ಒಬ್ಬರು ಎದುರಿಗಿರಬೇಕು ಎಂದು ನಿಯಮ ಮಾಡಿದವಳು ನೀನು. ನೀನು ಹೋದ ಮೇಲೆ ಆ ಕೆಲಸವನ್ನು ನಾನೇ ಇಟ್ಟುಕೊಂಡಿದ್ದೇನೆ. ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಹನಿಗಳು ಮೊದಮೊದಲು ಬೇರೆ ಬೇರೆಯಾಗಿ ಕೇಳಿಸುತ್ತವೆ, ಸ್ವಲ್ಪ ಹೊತ್ತಿಗೆ ಒಂದಾಗುತ್ತವೆ, ಆಮೇಲೆ ಕೇಳಿಸುವುದೇ ಇಲ್ಲ. ಒಂದು ಗಂಟೆ ಕೂಗಿದಾಗ ಎದ್ದು ಹೋಗಿ ನಿಲ್ಲಿಸುತ್ತೇನೆ. ಯಾರೋ ಕರೆದರು ಅನ್ನಿಸುತ್ತದೆ. ಇದನ್ನು ಇಷ್ಟಪಡುತ್ತೇನೆಂದು ಯಾರಿಗೂ ಹೇಳಿಲ್ಲ.

ವಾಪಸು ಬಂದದ್ದನ್ನು ಅಲ್ಲಿ ತೂಗುಹಾಕಿದೆವು. ಕೂಗಿತು. ಕಿಟಕಿಯ ಪಾರಿವಾಳ ಹಾರಿಹೋಗುವಷ್ಟು ಜೋರಾಗಿ ಕೂಗಿತು. ಬೆಸುಗೆ ಅಕ್ಕ ಕಿವಿ ಮುಚ್ಚಿಕೊಂಡು, "ಇದು ಸತ್ತವರನ್ನೂ ಎಬ್ಬಿಸತ್ತೆ ಸಾರ್, ಇದಕ್ಕೇನು ರೋಗ?" ಎಂದರು. (ನಿನ್ನ ಕಾಲದಲ್ಲಿ ಹೊಸದಾಗಿ ಬಂದು ಬೆಸುಗೆ ಕಡ್ಡಿಯಿಂದ ಸೆರಗು ಸುಟ್ಟುಕೊಂಡವರೇ. ಈಗ ಉಳಿದಿರುವ ಒಬ್ಬರೇ ಕೆಲಸಗಾರರು.) ನಾನು ಮೂರು ಸಲ ಪರೀಕ್ಷಿಸಿದೆ. ಆಮೇಲೆ ವರದಿ ಬರೆದೆ: ದೋಷ ನಮ್ಮ ಗಂಟೆಯದು, ವಾರ್ಡಿನ ಬಳಕೆಗೆ ತಕ್ಕ ಹಾಗೆ ಅದರ ಸದ್ದನ್ನು ರೂಪಿಸಿಲ್ಲ, ಆಸ್ಪತ್ರೆಯ ಸಿಬ್ಬಂದಿಯ ತಪ್ಪೇನೂ ಇಲ್ಲ.

ಅಕ್ಕ ಅದನ್ನು ಟೈಪು ಮಾಡಿಸುವಾಗ ಓದಿಬಿಟ್ಟರು. "ನಿಮಗೆ ತಲೆಗಿಲೆ ಕೆಟ್ಟಿದ್ಯಾ ಸಾರ್? ಚೆನ್ನಾಗಿರೋ ಮಗೂನ ಕಾಯಿಲೆ ಅಂತ ಬರೆದು ಕೊಡ್ತಿದೀರಲ್ಲ! ಅನ್ನಕ್ಕೆ ನೀವೇ ಕಲ್ಲು ಹಾಕ್ಕೊಳ್ತೀರಾ?" ಎಂದು ಕೂಗಾಡಿದರು. ಅವರು ಆ ದಿನ ಮಧ್ಯಾಹ್ನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಮರುದಿನ ಕೂತರು, ಡಬ್ಬಿ ಮಾತ್ರ ನನ್ನ ಕಡೆ ಸರಿಸಲಿಲ್ಲ.

ವರದಿ ತಲುಪಿದ ಮೇಲೆ ನಡೆದದ್ದು ನೀನು ಊಹಿಸಬಲ್ಲೆ. ಆ ಗುಂಪು ಕೊಳ್ಳುವುದನ್ನು ನಿಲ್ಲಿಸಿತು, ಕೊಡಬೇಕಿದ್ದ ಹಣವನ್ನೂ ತಡೆಹಿಡಿಯಿತು. ಸುದ್ದಿ ಉಳಿದವರಿಗೂ ಮುಟ್ಟಿತು. ಬ್ಯಾಂಕಿನ ಮ್ಯಾನೇಜರು ಮೊದಲು ಕಾಫಿ ಕೊಡುತ್ತಿದ್ದರು, ಆಮೇಲೆ ಬರೀ ಕುರ್ಚಿ ಕೊಟ್ಟರು, ಈಗ ನಿಲ್ಲಿಸಿಯೇ ಮಾತಾಡುತ್ತಾರೆ.

ಕೊಳ್ಳುವ ಕಂಪನಿಯವನು ಹೋದ ವಾರ ಬಂದಿದ್ದ. ಒಳ್ಳೆಯ ಹುಡುಗ, ಬೂಟು ಒದ್ದೆಯಾಗದ ಹಾಗೆ ಬಕೆಟ್ಟುಗಳ ನಡುವೆ ಕುಪ್ಪಳಿಸುತ್ತ ನಡೆದ. "ಇಲ್ಲಿ ಯಾರನ್ನ ಮಲಗಿಸ್ತೀರಿ ಸಾರ್?" ಎಂದು ನಕ್ಕ. ಪ್ರತಿಯೊಂದನ್ನೂ ಹೀಗೆ ಕಾಯುತ್ತೇವೆ ಎಂದಾಗ ನಗು ನಿಂತಿತು. "ಹಾಗಾದ್ರೆ ಲಾಭ ಯಾವಾಗ ಮಾಡ್ತೀರಿ? ನಮ್ಮಲ್ಲಿ ನೂರಕ್ಕೊಂದು ನೋಡಿದ್ರೆ ಮುಗೀತು." ಅವರಿಗೆ ಬೇಕಿರುವುದು ಗಂಟೆಯ ವಿನ್ಯಾಸ ಮತ್ತು ಹೆಸರು. ಕೋಣೆ ಬೇಡ. ನಾನು ಒಂದೇ ಷರತ್ತು ಹಾಕಿದೆ: ಅವರು ಮಾಡುವ ಗಂಟೆಗೆ ರಾತ್ರಿಯ ಸದ್ದು ತಗ್ಗಿಸುವ ತಿರುಪು ಇರಬೇಕು. ಯಾಕೆ ಎಂದ. ಬಳಸುವ ಕೆಲವರಿಗೆ ಅದು ಬೇಕು ಎಂದೆ. ಬರೆದುಕೊಂಡ. ನಾಲ್ಕನೇ ಪುಟದಲ್ಲಿದೆ, ನೋಡು.

ಬಂದ ಹಣದಲ್ಲಿ ಸಾಲಗಳು ತೀರುತ್ತವೆ, ಅಕ್ಕನಿಗೆ ಕೊಡಬೇಕಾದದ್ದನ್ನು ಕೊಡಬಹುದು. ನಿನ್ನ ಪಾಲು ಎಂದು ಹೇಳಿಕೊಳ್ಳುವಷ್ಟು ಉಳಿಯುವುದಿಲ್ಲ, ಕ್ಷಮಿಸು. ಅಕ್ಕ ಮೊಬೈಲು ರಿಪೇರಿ ಅಂಗಡಿಗೆ ಸೇರುತ್ತಾರಂತೆ. "ನಾನೇನೋ ಅಲ್ಲಿಗೆ ಹೋಗ್ತೀನಿ, ನೀವೆಲ್ಲಿಗೆ ಹೋಗ್ತೀರಿ ಸಾರ್?" ಎಂದು ಕೇಳಿದರು. ಮನೆಗೆ ಎಂದೆ. ಅದಕ್ಕೆ ಅವರು ಯಾಕೋ ಮುಖ ತಿರುಗಿಸಿಕೊಂಡರು.

ಮನೆಯಲ್ಲಿ ಹೇಳುವಂಥದ್ದೇನೂ ಇಲ್ಲ. ಅಡುಗೆಮನೆಯ ಡಬ್ಬಿಗಳ ಮೇಲೆ ನೀನು ಆಸ್ಪತ್ರೆಯ ಪ್ಲಾಸ್ಟರು ಅಂಟಿಸಿ ಬರೆದ ಹೆಸರುಗಳು ಹಾಗೇ ಇವೆ, ಪ್ರತಿಯೊಂದರ ತುದಿಯೂ ಒಳಕ್ಕೆ ಮಡಚಿದೆ, ಕೀಳುವವರಿಗೆ ಉಗುರು ನೋಯಬಾರದೆಂದು. ಈಗ ಉಪ್ಪಿನ ಡಬ್ಬಿಯಲ್ಲಿ ಸಕ್ಕರೆ ಇದೆ, ಸಕ್ಕರೆಯದರಲ್ಲಿ ಏನೂ ಇಲ್ಲ. ಹೆಸರು ಬದಲಿಸಿಲ್ಲ. ಬೇರೆ ಯಾರೂ ಬಂದು ಕಾಫಿ ಮಾಡುವುದಿಲ್ಲವಾದ್ದರಿಂದ ತೊಂದರೆಯಿಲ್ಲ.

ನೀನು ಜಗಳವಾಡಿ ಹೋಗಿದ್ದರೆ ಕರೆಯಲು ಬರಬಹುದಿತ್ತು. ನೀನು ಕೆಲಸಕ್ಕೆ ಹೋದೆ. ಕಂಪನಿ ಇಬ್ಬರನ್ನು ಸಾಕಲಾರದು ಎಂದು ಲೆಕ್ಕ ಹಾಕಿ ತೋರಿಸಿದೆ, ಬೇರೆ ಊರಿನ ವಾರ್ಡು ಸೇರಿದೆ, ಮೊದಲು ವಾರಕ್ಕೊಮ್ಮೆ ಬಂದೆ, ಆಮೇಲೆ ಹಬ್ಬಕ್ಕೆ, ಆಮೇಲೆ ಯಾವ ಆಸ್ಪತ್ರೆ ಎಂಬುದೂ ನನಗೆ ತಿಳಿಯದ ಹಾಗಾಯಿತು. ಹನಿಗಳ ಹಾಗೆಯೇ. ಯಾವಾಗ ಕೇಳಿಸದಾಯಿತೆಂದು ಹೇಳಲಾರೆ.

ಸಹಿ ಮಾಡಿದ ಪತ್ರಗಳನ್ನು ಅಂಚೆಯಲ್ಲಿ ಕಳಿಸಿದರೆ ಸಾಕು. ಬರುವ ಅಗತ್ಯವಿಲ್ಲ. ತಿಂಗಳ ಕೊನೆಯವರೆಗೆ ಕೋಣೆ ನಮ್ಮದೇ. ಅಲ್ಲಿಯವರೆಗೆ ಉಳಿದಿರುವ ಗಂಟೆಗಳಿಗೆ ಬಾಟಲಿ ಕಟ್ಟುತ್ತಿರುತ್ತೇನೆ.

ಆರೋಗ್ಯ ನೋಡಿಕೋ. ಕಾಲಿಗೆ ಮೆತ್ತನೆಯ ಚಪ್ಪಲಿ ಹಾಕಿಕೋ, ವಾರ್ಡಿನ ನೆಲ ತಣ್ಣಗಿರುತ್ತದೆ.

ಇಂತಿ,
ಏಳನೇ ಬೆಡ್
(ಹೆಸರು ಹಿಡಿದು ಕರೆಯಲು ನಾಚಿ ನೀನು ಕೊನೆಯವರೆಗೂ ಕರೆದದ್ದು ಇದನ್ನೇ ತಾನೆ.)

ಮರೆತ ಮಾತು: ನಿನ್ನ ಅಣ್ಣನನ್ನು ನಾನು ಕೇಳಿಯೇ ಇಲ್ಲ. ವಿಳಾಸ ಆ ದೂರಿನ ಲಕೋಟೆಯ ಮೇಲಿತ್ತು. ವಾಪಸು ಬಂದ ಗಂಟೆಯನ್ನು ಪೆಟ್ಟಿಗೆಯಿಂದ ತೆಗೆದವನು ನಾನು, ಅಕ್ಕ ಆಗ ಬಾಟಲಿ ತುಂಬಿಸುತ್ತಿದ್ದರು. ಅದರ ಬೆನ್ನಿನಲ್ಲಿ ಸದ್ದು ಹೊರಬರುವ ತೂತುಗಳ ಮೇಲೆ, ಮಲಗಿದವರ ನಿದ್ದೆ ಕೆಡದಿರಲಿ ಎಂದು ಯಾರೋ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ದಪ್ಪಗೆ ಮಡಿಸಿ ಅಂಟಿಸಿದ್ದರು. ಪ್ಲಾಸ್ಟರಿನ ತುದಿ ಒಳಕ್ಕೆ ಮಡಚಿತ್ತು. ಅಕ್ಕ ನೋಡುವ ಮೊದಲೇ ಅದನ್ನು ಕಿತ್ತೆ. ಅದನ್ನು ವರದಿಯಲ್ಲಿ ಬರೆದಿದ್ದರೆ ಕಂಪನಿ ಉಳಿಯುತ್ತಿತ್ತು, ಅಂಟಿಸಿದ ಕೈ ಯಾರದೆಂದು ಆಸ್ಪತ್ರೆಯವರು ಹುಡುಕುತ್ತಿದ್ದರು. ಆ ಬಟ್ಟೆಯನ್ನು ಪತ್ರಗಳ ಕೊನೆಯ ಪುಟಕ್ಕೆ ಅಂಟಿಸಿದ್ದೇನೆ, ತುದಿ ಹಿಡಿದು ಎಳೆದರೆ ಬರುತ್ತದೆ. ಹೊಸಬರ ಗಂಟೆಗಳನ್ನು ಮುಚ್ಚಬೇಡ. ಅವರಿಗೆ ನನ್ನ ಹಾಗೆ ನಿನ್ನ ಕೈಯ ಪರಿಚಯವಿಲ್ಲ.