ಸಾಯಲೂ ಪುರುಸೊತ್ತಿಲ್ಲದ ದುರ್ಯೋಧನ

ಕೂಕಟ್‌ಪಲ್ಲಿ, ಹೈದರಾಬಾದ್
2 ನವೆಂಬರ್ 2001

ಕಾಶಿನಾಥ ಮಾವನವರಿಗೆ ಗೊಲ್ಲಾಳಪ್ಪನ ಶರಣು.

ನಮ್ಮೂರ ಆಟದಲ್ಲಿ ಹತ್ತು ವರ್ಷ ನೀವು ನನ್ನನ್ನು ಬಾಗಿಲು ಕಾಯುವ ಸೇವಕನಾಗಿಯೇ ನಿಲ್ಲಿಸಿದಿರಿ. ಇಲ್ಲಿಯ ಕನ್ನಡ ಸಂಘದವರು ನನ್ನನ್ನು ಗೋಡೆ ಕಟ್ಟುವ ಗೌಂಡಿಯೆಂದು ಹೀಗಳೆಯದೆ ಭೀಮನ ಪಾತ್ರವನ್ನೇ ಕೊಟ್ಟರು. ನಿನ್ನೆ ಸಂಜೆ ನಾರಾಯಣಗೂಡದಲ್ಲಿ ರಾಜ್ಯೋತ್ಸವದ ಆಟ. ದುರ್ಯೋಧನ ಕಂಪ್ಯೂಟರ್ ಕಂಪನಿಯ ರವಿಕಿರಣ. ಅಮೆರಿಕದವರು ಏಳುವ ಹೊತ್ತಿಗೆ ಅವನ ಕೆಲಸ ಶುರುವಂತೆ. ಗದಾಯುದ್ಧ ಕಾವೇರುತ್ತಿದ್ದಂತೆ ಹೊರಗೆ ಕಂಪನಿಯ ಗಾಡಿ ಹಾರನ್ ಹೊಡೆಯಿತು. ನಾನು ಗದೆ ಬೀಸುವುದರೊಳಗೆ ಅವನು "ಅಯ್ಯೋ, ಸತ್ತೆ!" ಎಂದು ತಾನೇ ಬಿದ್ದ. ತೆರೆ ಬೀಳುವುದಕ್ಕೂ ಕಾಯದೆ ಎದ್ದು, ಕಿರೀಟದ ಸಮೇತ ಓಡಿಹೋಗಿ ಗಾಡಿ ಹತ್ತಿದ. ಭೀಮನಿಗೆ ಹೆದರಿ ಹೆಣವೂ ಓಡಿತೆಂದು ಜನ ಸೀಟಿ ಹೊಡೆದರು.

ಗಾಳಿಗೆ ಗದೆ ಬೀಸಿ ನನ್ನ ರಟ್ಟೆ ಉಳುಕಿದೆ. ಎಣ್ಣೆ ಹಚ್ಚಿದ್ದೇನೆ, ಅವ್ವನಿಗೆ ಹೇಳಬೇಡಿ.

ಸಂಕ್ರಾಂತಿಗೆ ಮತ್ತೆ ಇದೇ ಆಟ. ಸಂಘದ ಕಾರ್ಯದರ್ಶಿ ಜಯತೀರ್ಥರು, "ಈ ಸಲ ಯಾರೂ ಓಡಿ ಹೋಗಬಾರದು. ಬಾಗಲಾ ಕಾಯಾಕ ಒಬ್ಬ ಗಟ್ಟಿ ಸೇವಕ ಬೇಕಾಗ್ಯಾನ. ಯಾರರ ಅದಾರೇನು?" ಎಂದು ಕೇಳಿದರು.

ನಿಮ್ಮ ಹೆಸರು ಹೇಳಿದ್ದೇನೆ.

ನಿಮ್ಮ ಅಳಿಯ,
ಭೀಮ