ಕಾಕಾ ಹೇಳಿದ ಹೆಸರು

15 ಸೆಪ್ಟೆಂಬರ್ 1974, ಭಾನುವಾರ

ಬಟ್ಟೆ ಒಗೆಯುವ ಮಷಿನ್ ಇವತ್ತೂ ಖಾಲಿ ಇರಲಿಲ್ಲ. ಎರಡನೆಯ ಸಲ ಇಳಿದು ಹೋದಾಗ ನಿಂತಿತ್ತು, ಆದರೆ ಒಳಗೆ ಯಾರದೋ ಒದ್ದೆ ಬಟ್ಟೆ. ಈ ಅಮೆರಿಕನ್ ಹುಡುಗಿಯರು ಅದನ್ನೆತ್ತಿ ಪಕ್ಕಕ್ಕೆ ಹಾಕಿ ತಮ್ಮದನ್ನು ತುಂಬುತ್ತಾರೆ. ನನ್ನಿಂದ ಆಗಲಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿ ಬಕೆಟ್ ಹಿಡಿದು ಪಾಳಿಗೆ ನಿಂತು ಬೆಳೆದವಳು. ಬಟ್ಟೆಯ ಗಂಟಿನ ಮೇಲೆ ಕೂತು ಕೆಮಿಸ್ಟ್ರಿ ಓದಿದೆ. ತಲೆಗೆ ಹತ್ತಲಿಲ್ಲ. ರೂಮ್‌ಮೇಟ್ ಪ್ಯಾಟ್ ಹೇಳುತ್ತಾಳೆ, "ನೀನು ನನ್ನ ಅಜ್ಜಿಗಿಂತ ಜಾಸ್ತಿ ವರಿ ಮಾಡ್ತೀ." ಇರಬಹುದು. ಇಷ್ಟು ದೊಡ್ಡ ಕಾಲೇಜಿಗೆ ನನ್ನನ್ನು ಹೇಗೆ ತೆಗೆದುಕೊಂಡರು ಅಂತ ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ ಅನಿಸುತ್ತದೆ. ಹಲ್ಲುಜ್ಜುವ ಹೊತ್ತಿಗೆ ಹೋಗುತ್ತದೆ.

ಸಂಜೆ ಓಲ್ಡ್ ಬ್ರಿಡ್ಜಿನ ಕಾಕಾನ ಮನೆಗೆ ಫೋನ್. ಮೊದಲು ಕಾಕಾ.

"ಏನವಾ ಭಾನು, ಊಟಾ ಹೆಂಗದ ಅಲ್ಲೆ?"

"ಬರೇ ಬಟಾಟಿ ಕಾಕಾ. ಬೇಯಿಸಿದ್ದು, ಇಲ್ಲಾ ಹುರಿದದ್ದು."

"ನಾ ಓದಬೇಕಾದ್ರೂ ಅದ ಇತ್ತು. ಇಪ್ಪತ್ತು ವರ್ಷ ಆತಲ್ಲ, ಅವು ಅವ ಬಟಾಟಿ ಇರಬೇಕು ನೋಡು."

ತಮ್ಮ ಜೋಕಿಗೆ ತಾವೇ ನಕ್ಕರು. ಆಮೇಲೆ ಅವರ ಮಗಳು ನೀತಾ ಫೋನ್ ಕಸಿದುಕೊಂಡಳು. "ಭಾನು, ನಿನ್ನ ರೂಮ್ ಹಿಡ್ಕೊಂಡೆ. ದ ವಿಂಡೋ ಈಸ್ ಮೈನ್ ನೌ. ವಾಪಸ್ ಕೊಡಂಗಿಲ್ಲ."

"ಇಟ್ಕೋ ಹೋಗು."

"ಸೋ ಜೆನರಸ್! ಎರಡು ವರ್ಷ ಗೋಡೆ ನೋಡ್ಕೊಂಡು ಮಲಗಿದೀನಿ ನಾನು."

ಲೈನ್ ಇಟ್ಟ ಮೇಲೂ ನಗು ಬರುತ್ತಿತ್ತು.

22 ಸೆಪ್ಟೆಂಬರ್

ಊಟದ ಟೇಬಲಿನಲ್ಲಿ ಯಾರೋ ಕೇಳಿದರು, ನಿಮ್ಮ ತಂದೆ ಏನು ಮಾಡುತ್ತಾರೆ ಅಂತ. "ಕೆಮಿಸ್ಟ್, ಪ್ರಿನ್ಸ್‌ಟನ್ ಹತ್ತಿರ ಕೆಲಸ" ಅಂದೆ. ಕಾಕಾನ ಕೆಲಸ ಅದು. ಅಪ್ಪ ಕಾಕಾನ ಅಣ್ಣ. ನನಗೆ ಏಳು ವರ್ಷವಾದಾಗ ತೀರಿಹೋದರು, ಅಮ್ಮ ಅದಕ್ಕೂ ಮೊದಲೇ. ಇದನ್ನೆಲ್ಲ ಸೂಪ್ ಕುಡಿಯುವವರ ಮುಂದೆ ಎಲ್ಲಿ ಬಿಚ್ಚುವುದು. ಸುಳ್ಳು ಹೇಳಿದೆ ಅಂತಲೂ ಅನಿಸಲಿಲ್ಲ. ಎಷ್ಟು ಮಕ್ಕಳು ಅಂತ ಯಾರು ಕೇಳಿದರೂ ಕಾಕಾ ಹೇಳುವುದು ಒಂದೇ: "ಎರಡು ಹೆಣ್ಣು." ನಮ್ಮಲ್ಲಿ ಅಣ್ಣನ ಮಗಳು ಅಂದರೆ ಮಗಳೇ.

ಮಗಳಿಗಿಂತ ಒಂದು ಕೈ ಹೆಚ್ಚೇ. ಎರಡು ವರ್ಷದ ಹಿಂದೆ ಹಾಸ್ಟೆಲಿನಿಂದ ನೇರ ಅವರ ಮನೆಗೆ ಬಂದಾಗಿನಿಂದ ನೋಡುತ್ತಿದ್ದೇನೆ. ಕಿಟಕಿಯ ರೂಮು ನನಗೆ. ಹೊಸ ಕೋಟು ಒಂದೇ ಬಂದರೆ ನನಗೆ. ಕಾಕು ತಾಟಿಗೆ ಬಡಿಸುವಾಗ ಮೊದಲು ನನಗೆ, ಆಮೇಲೆ ಹೆತ್ತ ಮಗಳಿಗೆ. ನೀತಾ ನನಗಿಂತ ನಾಲ್ಕು ತಿಂಗಳಿಗೆ ಸಣ್ಣವಳು. ಇದಕ್ಕೆ "ಹೌಸ್ ರೂಲ್" ಅಂತ ಹೆಸರಿಟ್ಟು ಚೇಷ್ಟೆ ಮಾಡುತ್ತಿದ್ದಳು.

ಕಾಕಾ ಓದಿದ ಈ ಕಾಲೇಜಿಗೆ ನಾವಿಬ್ಬರೂ ಅರ್ಜಿ ಹಾಕಿದ್ದೆವು. ಹೈಸ್ಕೂಲಿನಲ್ಲಿ ಎಲ್ಲರಿಗಿಂತ ಮುಂದಿದ್ದ ರೋಸ್‌ಮರಿ ನೋವಾಕ್ ಕೂಡ ಹಾಕಿದ್ದಳು. ಅವಳ ಅಪ್ಪ ಬಸ್ ಓಡಿಸುತ್ತಾರೆ. ಎರಡನೆಯವಳು ನೀತಾ. ನಾನು ಎಲ್ಲೋ ನಡುವೆ. ಸೀಟು ಬಂದದ್ದು ನನಗೆ ಮಾತ್ರ. ಅವತ್ತು ನೀತಾ ನನ್ನ ಕುತ್ತಿಗೆಗೆ ಜೋತುಬಿದ್ದು ಅಂದಿದ್ದಳು, "ಇಂಟರ್‌ವ್ಯೂದಲ್ಲಿ ನೀನು ಗೆದ್ದಿರ್ಬೇಕು, ಭಾನು. ನಾನು ತುಂಬಾ ಮಾತಾಡಿಬಿಟ್ಟೆ." ಆಮೇಲೆ ಬಾತ್‌ರೂಮಿನಲ್ಲಿ ನಲ್ಲಿ ಬಹಳ ಹೊತ್ತು ಹರಿಯುತ್ತಿತ್ತು. ಈಗ ಬಸ್ಸಿನಲ್ಲಿ ಸ್ಟೇಟ್ ಕಾಲೇಜಿಗೆ ಹೋಗಿ ಬರುತ್ತಾಳೆ.

ನಾನೂ ನಂಬಿದ್ದೇನೆ. ಇಂಟರ್‌ವ್ಯೂದಲ್ಲಿ ಏನೋ ಚಲೋ ಹೇಳಿರಬೇಕು ನಾನು.

12 ಅಕ್ಟೋಬರ್, ಶನಿವಾರ

ಉಟ್ಟ ಸೀರೆಯಲ್ಲೇ ಬರೆಯಲು ಕೂತಿದ್ದೇನೆ.

ಇವತ್ತು "ಲೆಗಸಿ ಟೀ" ಇತ್ತು. ಅಪ್ಪ, ಅಜ್ಜ ಇಲ್ಲೇ ಓದಿದ್ದರೆ ಅಂಥ ಮಕ್ಕಳಿಗೆ ಇಲ್ಲಿ ಲೆಗಸಿ ಅನ್ನುತ್ತಾರೆ. ಚೀಟಿ ಬಂದಾಗ ಏನೋ ಗೌರವ ಅಂದುಕೊಂಡು ಸೀರೆ ಉಟ್ಟು ಹೋದೆ. ಹುಡುಗರೇ ಜಾಸ್ತಿ. ಎಲ್ಲರಿಗೂ ಎಲ್ಲರ ಗುರುತು, ಬೇಸಿಗೆಯಲ್ಲಿ ಒಂದೇ ಸಮುದ್ರದ ದಂಡೆಗೆ ಹೋಗುವವರು. ಗೋಡೆ ಹತ್ತಿರ ಕಪ್ಪು ಹಿಡಿದು ನಿಂತೆ.

ಥಾರ್ನ್ ಅನ್ನುವವರು ತಾವಾಗಿಯೇ ಬಂದರು. ಕಾಕಾನ ಜೊತೆ ಲ್ಯಾಬಿನಲ್ಲಿದ್ದವರಂತೆ, ಕಾಕಾನನ್ನು ಜೇ ಅನ್ನುತ್ತಾರೆ. ಈಗ ಹಳೆಯ ವಿದ್ಯಾರ್ಥಿಗಳ ಪರವಾಗಿ ಅಡ್ಮಿಶನ್ ಕಮಿಟಿಯಲ್ಲಿ ಕೂರುತ್ತಾರೆ. ಮುಖ ಕೆಂಪು, ಒಳ್ಳೆಯ ಮನುಷ್ಯ. ನನ್ನ ಕೈ ಹಿಡಿದುಕೊಂಡೇ ಹೇಳಿದರು:

"ಜೇ ಮಗಳಲ್ಲವೇ ನೀನು? ಎಂಥ ತಂದೆ ನಿನಗೆ! ಇಬ್ಬರೂ ಹೆಣ್ಣುಮಕ್ಕಳು ಒಟ್ಟಿಗೆ ಅರ್ಜಿ ಹಾಕಿದ್ದಿರಲ್ಲ. ಒಂದು ಮನೆಯಿಂದ ಒಂದೇ ವರ್ಷ ಇಬ್ಬರ ಪರ ನಿಲ್ಲುವುದು ಕಷ್ಟ. ಅವನಿಗೆ ನಾನೇ ಫೋನ್ ಮಾಡಿದೆ. 'ಜೇ, ಒಬ್ಬಳಿಗೆ ಮಾತ್ರ ನಾನು ಹೇಳಬಲ್ಲೆ, ಯಾರಿಗೆ?' ಅಂದೆ. ಒಂದು ಗಳಿಗೆ ತಡೆಯಲಿಲ್ಲ. ನಿನ್ನ ಹೆಸರು ಹೇಳಿದ."

ಕಪ್ಪನ್ನು ಪಕ್ಕದ ಟೇಬಲಿನ ಮೇಲಿಟ್ಟೆ.

"ನಿಜ ಹೇಳಲಾ? ನನಗೆ ಆಶ್ಚರ್ಯವಾಯಿತು. ಯಾಕೆಂದರೆ ಇನ್ನೊಬ್ಬಳ ಮಾರ್ಕ್ಸು..." ಅಲ್ಲಿಗೆ ನಿಲ್ಲಿಸಿದರು. "ಈ ಸೌತೆಕಾಯಿ ಸ್ಯಾಂಡ್‌ವಿಚ್ ತಿಂದೆಯಾ? ಬಹಳ ಚೆನ್ನಾಗಿದೆ."

ತಿಂದೆ. ಥ್ಯಾಂಕ್ ಯೂ ಅಂತಲೂ ಅಂದೆ.

13 ಅಕ್ಟೋಬರ್

ಫೋನ್ ಮಾಡಲಿಲ್ಲ.

20 ಅಕ್ಟೋಬರ್

ಮಾಡಿದೆ. ನೀತಾ ಎತ್ತಿದಳು. "ಹೋದ ವಾರ ಏನಾಗಿತ್ತು ನಿಂಗೆ? ಬಾಯ್‌ಫ್ರೆಂಡಾ?" ತಲೆನೋವು ಅಂದೆ. ಅವಳ ಕ್ಯಾಲ್ಕ್ಯುಲಸ್ ಪ್ರೊಫೆಸರು ಹೊರಗೆ ಕರೆದು, ನೀನು ಈ ಕಾಲೇಜಿನಲ್ಲಿ ಏನು ಮಾಡುತ್ತಿದ್ದೀ ಅಂತ ಕೇಳಿದರಂತೆ. ಹೊಗಳಿಕೆ ಅದು. ನಗುತ್ತ ಹೇಳಿದಳು. ನಾನೂ ನಕ್ಕೆ.

8 ನವೆಂಬರ್

ಕೆಮಿಸ್ಟ್ರಿ ಮಿಡ್‌ಟರ್ಮ್ ಗ್ರೇಡು ಬಂತು. ಸಿ. ಮೊದಲಾದರೆ ಬರೀ ಸಿ. ಈಗ ಯಾರೋ ನನ್ನ ವಿರುದ್ಧ ಸಾಕ್ಷಿ ಹೇಳಿದ ಹಾಗೆ.

ಕ್ಲಾಸಿನಲ್ಲಿ ಕೂತಾಗಲೆಲ್ಲ ಅನಿಸುತ್ತದೆ—ಇಲ್ಲಿ ಕೂರಬೇಕಾದವಳು ಈಗ ಬಸ್‌ಸ್ಟಾಪಿನಲ್ಲಿ ಚಳಿಗೆ ಕಾಲು ಕುಣಿಸುತ್ತ ನಿಂತಿದ್ದಾಳೆ.

28 ನವೆಂಬರ್, ಥ್ಯಾಂಕ್ಸ್‌ಗಿವಿಂಗ್

ಮನೆ. ಬರೆಯಲೇಬೇಕು, ಇಲ್ಲದಿದ್ದರೆ ತಲೆ ಒಡೆಯುತ್ತದೆ.

ಟರ್ಕಿ ಕೋಳಿ ಬೇಯಿಸದ ಮನೆಗೂ ಹಬ್ಬ ಬೇಕಲ್ಲ, ಕಾಕು ಕುಂಬಳಕಾಯಿ ಗಾರಿಗೆ ಕರಿಯುತ್ತಿದ್ದರು. ಮನೆಯೆಲ್ಲ ಬೆಲ್ಲದ ವಾಸನೆ. ಕಾಕಾ ಹಿತ್ತಲಲ್ಲಿ ಒಣಗಿದ ಎಲೆ ಗುಡ್ಡೆ ಹಾಕುತ್ತಿದ್ದರು. ಹೋಗಿ ಕೇಳಿಬಿಟ್ಟೆ.

"ಕಾಕಾ, ಥಾರ್ನ್ ಅವರು ನಿಮಗ ಫೋನ್ ಮಾಡಿದ್ರಂತ?"

ಕೈ ನಿಂತಿತು. "ಯಾರು ಹೇಳಿದ್ರು?"

"ಅವರ ಹೇಳಿದ್ರು."

"ಹೇಳಬಾರದಿತ್ತು ಅಂವ. ಹುಚ್ಚ."

"ನೀತಾನ ಹೆಸರು ಯಾಕ ಹೇಳಲಿಲ್ಲ ಕಾಕಾ?"

ಎಲೆಗಳನ್ನೇ ನೋಡುತ್ತ ಹೇಳಿದರು. "ನಮ್ಮಣ್ಣ ತನ್ನ ಓದು ಬಿಟ್ಟು ಕಾರಕೂನಕಿ ಹಿಡದು ನನ್ನ ಓದಿಸ್ದಾ. ಅಂವ ಇಲ್ಲದಿದ್ರ ಈ ದೇಶದ ಮುಖಾ ನಾ ಎಲ್ಲೆ ನೋಡ್ತಿದ್ದೆ? ಆ ಕಾಲೇಜಿನ ಮ್ಯಾಲ ನಮ್ಮ ಮನಿದು ಏನರೆ ಹಕ್ಕು ಅಂತ ಇದ್ರ, ಅದು ನಿಮ್ಮಪ್ಪಂದವಾ. ಅಣ್ಣನ ಮಗಳನ್ನ ಬಿಟ್ಟು ನನ್ನ ಮಗಳನ್ನ ಮುಂದ ಮಾಡಿದ್ರ ನಾ ಎಂಥಾ ಮನಷ್ಯಾ ಆದೆ?"

"ಆದ್ರ ಅಕಿ ನನಗಿಂತ ಶಾಣ್ಯಾ ಇದ್ದಾಳ."

"ಅದಕ್ಕ! ಶಾಣ್ಯಾಕಿ ಎಲ್ಲಿದ್ರೂ ಓದತಾಳ. ನೀತಾಗ ನಾ ಇದ್ದೀನಿ. ನಿನಗ ಯಾರಿದ್ದಾರ?"

ಪ್ರೀತಿಯಿಂದಲೇ ಅಂದರು. ಅದೇ ಕೆಟ್ಟದ್ದು. ಎರಡು ಹೆಣ್ಣು, ಎರಡು ಹೆಣ್ಣು ಅಂತ ಎಲ್ಲರ ಮುಂದೆ ಹೇಳಿದವರು. ನನಗೆ ಯಾರಿದ್ದಾರೆ.

"ವಾಟ್ ಅಬೌಟ್ ರೋಸ್‌ಮರಿ?"

ಹಿತ್ತಲ ಬಾಗಿಲಲ್ಲಿ ನೀತಾ. ಊಟಕ್ಕೆ ಕರೆಯಲು ಬಂದವಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ರೋಸ್‌ಮರಿಗೆ ಯಾರಿದ್ರು, ಅಪ್ಪಾ? ಅವಳು ನಮ್ಮಿಬ್ಬರಿಗಿಂತ ಮುಂದಿದ್ದಳು. ಅವಳಪ್ಪನಿಗೆ ಯಾರೂ ಫೋನ್ ಮಾಡ್ಲಿಲ್ಲ."

"ನೀತಾ, ನೀ ಒಳಗ ನಡಿ."

"ಹೋಗ್ತೀನಿ. ಜಸ್ಟ್ ಒನ್ ಥಿಂಗ್. ಇಷ್ಟು ದಿನ ಭಾನು ಸೆಲೆಕ್ಟ್ ಆದಳು, ನಾನು ಆಗಲಿಲ್ಲ ಅಂದ್ಕೊಂಡಿದ್ದೆ. ಈ ಮನೆಯಿಂದ ಯಾರೂ ಸೆಲೆಕ್ಟ್ ಆಗೇ ಇಲ್ಲ, ಅಲ್ವಾ?"

ಊಟಕ್ಕೆ ಕೂತೆವು. ಬೇರೇನು ಮಾಡುವುದು. ಕಾಕು ಏನೂ ಅರಿಯದೆ ಮೊದಲ ಗಾರಿಗೆ ನನ್ನ ತಾಟಿಗೆ ಹಾಕಲು ಬಂದರು. ಕೈ ಅಡ್ಡ ಹಿಡಿದೆ, "ನೀತಾಗ ಹಾಕ್ರಿ." ನೀತಾ ತಲೆ ಎತ್ತಲಿಲ್ಲ: "ಅವಳಿಗೇ ಹಾಕಮ್ಮ. ಹೌಸ್ ರೂಲ್."

ಆಮೇಲೆ ಅಡಿಗೆಮನೆಯಲ್ಲಿ ಕಾಕುಗೆ ಎಲ್ಲ ಹೇಳಿದೆ. ಗಾರಿಗೆ ಕರಿದ ಜಾರಿ ಸೌಟನ್ನು ತೊಳೆಯುತ್ತ ಕೇಳಿಸಿಕೊಂಡರು. ತೊಳೆದದ್ದನ್ನೇ ಮತ್ತೆ ತೊಳೆದರು. "ನನಗೂ ಹೇಳಿದ್ದಿಲ್ಲ ನೋಡು ಅವರು" ಅಂದರು. "ಇಷ್ಟು ದಿನ ಮಗಳಿಗೆ ನಾನ ಬೈತಿದ್ದೆ, ನೀ ಸರಿಯಾಗಿ ಓದಲಿಲ್ಲ ಅಂತ."

9 ಡಿಸೆಂಬರ್, ಸೋಮವಾರ

ಡೀನ್ ಹತ್ತಿರ ಹೋಗಿದ್ದೆ. ಕಾಲೇಜು ಬಿಡುತ್ತೇನೆ, ನನ್ನ ಜಾಗ ನನ್ನ ತಂಗಿಗೆ ಕೊಡಿ ಅಂದೆ. ನಗಲಿಲ್ಲ ಪುಣ್ಯಕ್ಕೆ. ನಿಧಾನ ವಿವರಿಸಿದರು. ನಾನು ಬಿಟ್ಟರೆ ಜಾಗ ಖಾಲಿ ಉಳಿಯುತ್ತದೆ, ಯಾರಿಗೂ ಹೋಗುವುದಿಲ್ಲ. "ಬೇಕಾದರೆ ಅವಳು ಟ್ರಾನ್ಸ್‌ಫರಿಗೆ ಅರ್ಜಿ ಹಾಕಲಿ. ತಂದೆ ಇಲ್ಲಿಯವರು, ಅಕ್ಕ ಇಲ್ಲಿಯವಳು. ದಟ್ ವಿಲ್ ಹೆಲ್ಪ್."

ಹೆಲ್ಪ್ ಅಂತೆ.

ಭಾನುವಾರದ ಫೋನಿಗೆ ಈಗ ಕಾಕಾ ಒಬ್ಬರೇ. "ನೀತಾ ಲೈಬ್ರರಿಗೆ ಹೋಗ್ಯಾಳವಾ." ಹಿಂದುಗಡೆ ಅವಳ ಕೆಮ್ಮು ಕೇಳಿಸುತ್ತದೆ.

15 ಫೆಬ್ರವರಿ 1975, ಶನಿವಾರ

ಎರಡು ತಿಂಗಳು ಬರೆದಿಲ್ಲ. ಕ್ರಿಸ್‌ಮಸ್ ರಜೆಗೆ ಮನೆಗೆ ಹೋಗಲಿಲ್ಲ. ಪ್ಯಾಟ್ ಮನೆಯಲ್ಲಿ ಅವರ ನಾಯಿಯ ಜೊತೆ ಇದ್ದೆ.

ಇವತ್ತು ಹೇಳದೆ ಕೇಳದೆ ನೀತಾಳ ಕಾಲೇಜಿಗೆ ಬಸ್ ಹತ್ತಿದೆ. ಶನಿವಾರ ಮಧ್ಯಾಹ್ನ ಅಲ್ಲಿನ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಾಳೆ ಅಂತ ಕಾಕು ಹೇಳಿದ್ದರು. ತಲೆಗೆ ಬಲೆಯ ಟೊಪ್ಪಿ ಹಾಕಿಕೊಂಡು ಕಾಫಿ ಸುರಿಯುತ್ತಿದ್ದಳು. ನನ್ನನ್ನು ನೋಡಿ, "ಕ್ರೀಮ್ ಆರ್ ಶುಗರ್?" ಅಂದಳು. ನಗುತ್ತಾಳೇನೋ ಅಂತ ಕಾದೆ. ನಗಲಿಲ್ಲ. ಬ್ರೇಕಿನಲ್ಲಿ ಬಂದು ಎದುರು ಕೂತಳು.

ಡೀನ್ ಹೇಳಿದ ಟ್ರಾನ್ಸ್‌ಫರ್ ಮಾತು ಹೇಳಿದೆ. "ಅಂದ್ರೆ ಈಗ ನೀನು ನನಗೆ ಲೆಗಸಿ!" ಅಂತ ಜೋರಾಗಿ ನಕ್ಕಳು, ಪಕ್ಕದ ಟೇಬಲಿನವರು ತಿರುಗುವಷ್ಟು. ಆಮೇಲೆ ಕಣ್ಣೊರೆಸಿಕೊಂಡಳು. "ನೋ ಥ್ಯಾಂಕ್ಸ್, ಭಾನು."

"ನನ್ನ ಮ್ಯಾಲ ಸಿಟ್ಟು ಮಾಡು. ಬೈ. ಏನರೆ ಅನ್ನು."

"ನಿನ್ನ ಮೇಲೆ ಯಾಕೆ? ನೀನೇನು ಮಾಡ್ದೆ?" ಕಾಗದದ ಕಪ್ಪಿನ ಅಂಚನ್ನು ಉಗುರಿನಿಂದ ಬಿಡಿಸುತ್ತಿದ್ದಳು. "ಅಪ್ಪ ನನ್ನನ್ನ ಒಂದು ಮಾತು ಕೇಳಬಹುದಿತ್ತು. ಕೇಳಿದ್ರೆ ನಾನೇ ನಿನ್ನ ಹೆಸರು ಹೇಳ್ತಿದ್ನೇನೋ. ಐ ಥಿಂಕ್ ಐ ವುಡ್ ಹ್ಯಾವ್. ಆದ್ರೆ ಈಗ ಅದು ನಂಗೇ ಗೊತ್ತಾಗಲ್ಲ ನೋಡು. ಯಾವತ್ತೂ."

ಬ್ರೇಕ್ ಮುಗಿಯಿತು. ಬಸ್‌ಸ್ಟಾಪಿನವರೆಗೆ ಬರುತ್ತಾಳೆ ಅಂದುಕೊಂಡಿದ್ದೆ.

26 ಏಪ್ರಿಲ್, ಶನಿವಾರ

ಹಳೆಯ ವಿದ್ಯಾರ್ಥಿಗಳ ದಿನ. ಅಪ್ಪಂದಿರು, ಮಕ್ಕಳು ದೊಡ್ಡ ಹಾಲಿನ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವುದು ಇಲ್ಲಿಯ ಪದ್ಧತಿಯಂತೆ. ಕಾಕಾ ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು. ಕಣ್ಣಿನ ಆಪರೇಶನ್ ಆಗಿದೆ, ಡ್ರೈವ್ ಮಾಡುವ ಹಾಗಿಲ್ಲ. ಕಾಕು ಬರಲಿಲ್ಲ. ಕಾರು ನೀತಾ ಓಡಿಸಿಕೊಂಡು ಬಂದಿದ್ದಳು.

ಇಂಟರ್‌ವ್ಯೂ ನಮ್ಮ ಹೈಸ್ಕೂಲಿನಲ್ಲೇ ಆಗಿತ್ತು, ಈ ಕಾಲೇಜಿನೊಳಗೆ ಅವಳು ಕಾಲಿಟ್ಟಿದ್ದು ಇದೇ ಮೊದಲು. ತಲೆ ಎತ್ತಿ ಗಡಿಯಾರದ ಗೋಪುರ ನೋಡಿದಳು, ಲೈಬ್ರರಿ ನೋಡಿದಳು. "ನೈಸ್" ಅಂದಳು. ಅಷ್ಟೇ.

ಫೋಟೋಗ್ರಾಫರ್ ಒಬ್ಬೊಬ್ಬರನ್ನೇ ನಿಲ್ಲಿಸುತ್ತಿದ್ದ. ಕಾಕಾನನ್ನು, ನನ್ನನ್ನು ಎರಡನೆಯ ಸಾಲಿಗೆ ಹಾಕಿದ. ಕಾಕಾ ತಿರುಗಿ ಕೈ ಮಾಡಿದರು. "ನೀತಾ, ಬಾರವಾ ಇಲ್ಲೆ, ಈ ಕಡೆ ನಿಂದರು." ಅವಳು ಒಂದು ಮೆಟ್ಟಿಲು ಹತ್ತಿದಳು. ಖರೇನೇ ಹತ್ತಿದಳು, ನಾನು ನೋಡಿದೆ.

"ಈ ವರ್ಷದ ವಿದ್ಯಾರ್ಥಿಯಾ, ಮಿಸ್?" ಅಂದ ಫೋಟೋಗ್ರಾಫರ್.

"ಬೋತ್ ಮೈ ಡಾಟರ್ಸ್" ಅಂದರು ಕಾಕಾ.

"ಸಾರಿ ಸರ್, ಇಲ್ಲಿ ಓದುವವರು ಮಾತ್ರ."

ಕಾಕಾ ಇನ್ನೇನೋ ಹೇಳಲು ಹೊರಟರು. ಅದಕ್ಕೆ ಮೊದಲೇ ನೀತಾ ಕೈ ಆಡಿಸಿ ನಕ್ಕಳು, ಗುರುತಿಲ್ಲದವರಿಗೆ ನಗುವ ನಗೆ. "ಇಟ್ಸ್ ಓಕೆ. ಐ ಜಸ್ಟ್ ಡ್ರೋವ್ ದೆಮ್." ಮೆಟ್ಟಿಲು ಇಳಿದಳು. ನಾನೂ ಇಳಿಯಲು ಹೋದೆ. ಕಾಕಾನ ಕೈ ನನ್ನ ಹೆಗಲ ಮೇಲಿತ್ತು. ಹಿಡಿದದ್ದಲ್ಲ, ಆಧಾರಕ್ಕೆ ಊರಿದ್ದು. ಅಷ್ಟು ಭಾರ. ಬಿಡಿಸಿಕೊಂಡರೆ ಬೀಳುತ್ತಾರೆ ಅನಿಸಿ ಹಾಗೇ ನಿಂತೆ. ಫೋಟೋ ಆಯಿತು.

ಆದಮೇಲೆ ಓಡಿದೆ. ಪಾರ್ಕಿಂಗ್ ಲಾಟಿನಲ್ಲಿ ಕಾರಿಗೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಅಪ್ಪಿಕೊಳ್ಳಬಹುದಿತ್ತು. ಮನೆಗೆ ಬಂದ ನೆಂಟರನ್ನು ಮಾತಾಡಿಸುವ ಹಾಗೆ ಕೇಳಿದಳು, "ಫೋಟೋ ಚೆನ್ನಾಗಿ ಬಂತಾ?"

ನಾನೂ ನೆಂಟರ ಹಾಗೆಯೇ ಅಂದೆ, "ಚೆನ್ನಾಗಿ ಬಂತು."